ಬೀಸುವ ಪದಗಳೂ ಲಿನಕ್ಸ್ ಆಜ್ಞೆಗಳೂ

ಕಳೆದ ವರ್ಷ ಕನ್ನಡ ಐಚ್ಛಿಕದ ಕಿರುಪ್ರಬಂಧಕ್ಕೋಸ್ಕರ ನಾನು ಸಂತೆಕಲ್ಲೂರಿನಲ್ಲಿ ನಮ್ಮ ಅಜ್ಜಿಯ ಬಾಯಿಂದ ಬೀಸುವ ಪದಗಳನ್ನು ಬರೆದುಕೊಂಡೆನು. ಒಟ್ಟು 41 ಪದಗಳಾದುವು. ಒಂದೊಂದು ಪದಕ್ಕೆ ಒಂದೊಂದು ಕಡತದಂತೆ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಗುರುಗಳಿಗೆ ತೋರಿಸಿದೆನು. ಅವರು ಮೆಚ್ಚಿಕೊಂಡರು, ಮೆಚ್ಚಿಕೊಂಡು, “ಇವುಗಳಲ್ಲಿ ತವರಿನ ಮಾತು ಎಷ್ಟು ಸಲ ಬಂದಿದೆ? ಅತ್ತೆಯ ಮಾತು ಎಷ್ಟು ಸಲ? ಎಣಿಸಿ ನೋಡಿದ್ದೀಯಾ?” ಎಂದು ಕೇಳಿದರು. 41 ಕಡತಗಳನ್ನು ಒಂದೊಂದಾಗಿ ತೆರೆದು, ಬೆರಳು ಮಡಿಚಿ ಎಣಿಸುವುದೆಂದರೆ ಒಂದು ಹಗಲಿನ ಕೆಲಸ. ಮಾರನೆಯ ದಿನ ಅವರು ‘ಅಣ್ಣ’ನ ಲೆಕ್ಕ ಕೇಳಿದರೆ ಮತ್ತೊಂದು ಹಗಲು. ಈ ಕಷ್ಟದಿಂದ ಪಾರಾಗುವ ದಾರಿಯನ್ನು ಹುಡುಕುತ್ತ ಹೋಗಿ ನಾನು ಕಲಿತದ್ದನ್ನು ಸಹಾಧ್ಯಾಯಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನಲ್ಲಿದ್ದುದು ಮೂರು ಕೈ ದಾಟಿ ಬಂದ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ 10 ಇತ್ತು. ಮೈಕ್ರೋಸಾಫ್ಟ್ ಕಂಪನಿಯವರು 2025ರ ಅಕ್ಟೋಬರ್ 14ರಿಂದ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಹೊಸದನ್ನು ಹಾಕೋಣವೆಂದರೆ ಯಂತ್ರಕ್ಕೆ ತ್ರಾಣವಿಲ್ಲ. ಆಗ ಗೆಳೆಯನೊಬ್ಬನು ಪೆನ್‌ಡ್ರೈವಿನಲ್ಲಿ ಲಿನಕ್ಸ್ ತಂದುಕೊಟ್ಟನು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಯಂತ್ರದೊಳಗೆ ಇಳಿಸಿಕೊಳ್ಳಬಹುದೆಂಬುದು ಇದರ ದೊಡ್ಡ ಅನುಕೂಲ.

ಲಿನಕ್ಸಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದರ ರೀತಿಯದನ್ನೇ ಎಲ್ಲರೂ ಬಳಸಿ, ಓದಿ, ತಿದ್ದಿ, ಹಂಚಿಕೊಳ್ಳುವಂತೆ ಕಟ್ಟಬೇಕೆಂದು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ನಮ್ಮಂತೆಯೇ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದು ಬಿಡುಗಡೆ ಮಾಡಿದನು. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಇದೇ ತಿರುಳು. ಆದುದರಿಂದ ಲಿನಕ್ಸನ್ನು ಕಂಡೇ ಇಲ್ಲವೆನ್ನುವವರು ನಮ್ಮಲ್ಲಿ ಬಹಳ ಮಂದಿ ಇರಲಾರರು.

ಇದರಲ್ಲಿಯೂ ಚಿತ್ರಗಳ ಮೇಲೆ ಒತ್ತಿ ಕೆಲಸ ಮಾಡಬಹುದು. ಆದರೆ ಟರ್ಮಿನಲ್ ಎಂಬ ಕರಿಯ ಪರದೆಯೊಂದಿದೆ. ಅಲ್ಲಿ ಮಾಡಬೇಕಾದುದನ್ನು ಅಕ್ಷರದಲ್ಲಿ ಬರೆದು ಎಂಟರ್ ಒತ್ತಿದರೆ ಯಂತ್ರವು ಮಾಡಿ ಮುಗಿಸುತ್ತದೆ. ನೋಡಿದವರಿಗೆ ಭಯವಾಗುವುದು ಸಹಜ. ನನಗೂ ಆಯಿತು. ಆದರೆ ಕಲಾ ವಿದ್ಯಾರ್ಥಿಯು ಹೆದರಬೇಕಾದ ಕಾರಣವೇ ಇಲ್ಲ. ಕ್ರಿಯಾಪದ, ಕರ್ಮಪದ, ವಿಶೇಷಣ ಇವುಗಳನ್ನು ಬಲ್ಲವರಿಗೆ ಇದು ವಾಕ್ಯರಚನೆಯ ಪಾಠವೇ ಸರಿ. ಮೊದಲು ಕ್ರಿಯೆ, ಆಮೇಲೆ ಅದು ಹೇಗೆ ನಡೆಯಬೇಕೆಂದು ಹೇಳುವ ಗುರುತು, ಕೊನೆಗೆ ಯಾವುದರ ಮೇಲೆ ನಡೆಯಬೇಕೆಂಬುದು. ಕರ್ತೃಪದವನ್ನು ಬರೆಯುವುದಿಲ್ಲ, ಮಾಡುವವನು ಯಂತ್ರವೆಂಬುದು ಗೊತ್ತೇ ಇದೆ. (ಈ ಆಜ್ಞೆಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಒತ್ತಬೇಕು. ಇಲ್ಲಿ ಅವುಗಳ ಉಚ್ಚಾರವನ್ನು ಮಾತ್ರ ಕೊಟ್ಟಿದ್ದೇನೆ.)

ಮೊದಲು ಕಲಿಯತಕ್ಕದ್ದು ‘ಪಿಡಬ್ಲ್ಯುಡಿ’. ನಮ್ಮ ಕಡೆ ಪಿ.ಡಬ್ಲ್ಯು.ಡಿ. ಎಂದರೆ ರಸ್ತೆ ಮಾಡಿಸುವ ಇಲಾಖೆ. ಇಲ್ಲಿ ಅದು ರಸ್ತೆ ಮಾಡುವುದಿಲ್ಲ. ‘ನೀನು ಈಗ ಯಾವ ಫೋಲ್ಡರಿನಲ್ಲಿ ನಿಂತಿದ್ದೀ’ ಎಂಬುದನ್ನು ಹೇಳುತ್ತದೆ. ‘ಎಲ್‌ಎಸ್’ ಎಂದರೆ ಅಲ್ಲಿರುವ ಕಡತಗಳ ಪಟ್ಟಿ ಕಾಣುತ್ತದೆ. ‘ಸಿಡಿ’ ಎಂದು ಬರೆದು ಫೋಲ್ಡರಿನ ಹೆಸರು ಕೊಟ್ಟರೆ ಅದರೊಳಕ್ಕೆ ಹೋಗುತ್ತೇವೆ. ಹೆಸರಿನ ಬದಲು ಎರಡು ಚುಕ್ಕೆ ಇಟ್ಟರೆ ಒಂದು ಮೆಟ್ಟಿಲು ಹೊರಕ್ಕೆ ಬರುತ್ತೇವೆ. ‘ಸಿಪಿ’ ನಕಲು ಮಾಡುತ್ತದೆ, ‘ಎಂವಿ’ ಸ್ಥಳವನ್ನೋ ಹೆಸರನ್ನೋ ಬದಲಿಸುತ್ತದೆ, ‘ಕ್ಯಾಟ್’ ಕಡತವನ್ನು ಓದಿ ತೋರಿಸುತ್ತದೆ. ಮರೆತರೆ ‘ಮ್ಯಾನ್’ ಎಂದು ಬರೆದು ಆಜ್ಞೆಯ ಹೆಸರು ಕೊಟ್ಟರೆ ಕೈಪಿಡಿಯೇ ತೆರೆಯುತ್ತದೆ. ಇಷ್ಟು ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಅಷ್ಟೇ ಅಲ್ಲ, ‘ಅಲಿಯಾಸ್’ ಎಂಬ ಆಜ್ಞೆಯಿಂದ ‘ಎಲ್‌ಎಸ್’ಗೆ ‘ಪಟ್ಟಿ’ ಎಂದು ಅಡ್ಡಹೆಸರಿಟ್ಟು, ‘ಪಟ್ಟಿ’ ಎಂದೇ ಬರೆದು ಕೆಲಸ ಮಾಡಿಸಬಹುದು. ಕನ್ನಡ ಬೆರಳಚ್ಚಿಗೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಲಿನಕ್ಸಿನಲ್ಲಿ ದೊರೆಯುತ್ತದೆ.

ಇನ್ನು ಗುರುಗಳ ಪ್ರಶ್ನೆಗೆ ಬರೋಣ. ಹುಡುಕುವ ಆಜ್ಞೆಗೆ ‘ಗ್ರೆಪ್’ ಎಂದು ಹೆಸರು; ಇದೂ ಥಾಂಪ್ಸನ್ನರ ಕೃತಿ. ಗ್ರೆಪ್ ಎಂದು ಬರೆದು, ‘ತವರು’ ಎಂಬ ಶಬ್ದವನ್ನು ಕೊಟ್ಟು, ಎಲ್ಲ ಕಡತಗಳು ಎಂಬ ಅರ್ಥದ ನಕ್ಷತ್ರ ಚಿಹ್ನೆಯನ್ನು ಇಟ್ಟೆನು. ಆ ಶಬ್ದವಿದ್ದ ಸಾಲುಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ಬಂದು ನಿಂತುವು. ಆದರೆ ಲೆಕ್ಕ ಕಡಮೆ ಎನ್ನಿಸಿತು. ಕಾರಣವೇನೆಂದರೆ ಹಾಡಿನಲ್ಲಿ ‘ತವರಿಗೆ’, ‘ತವರೂರು’, ‘ತವರಮನೆ’ ಎಂದೆಲ್ಲ ಬಂದಿರುತ್ತದೆ. ಯಂತ್ರವು ‘ತವರು’ ಎಂದರೆ ‘ತವರು’ ಎಂಬುದನ್ನೇ ಹುಡುಕುತ್ತದೆ. ಆಗ ಕೊನೆಯ ಕೊಂಬನ್ನು ತೆಗೆದು ಬರಿಯ ‘ತವರ’ ಎಂದು ಕೊಟ್ಟೆನು. ಎಲ್ಲವೂ ಬಂದುವು!

ಇದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಬೇರೆ ಬೇರೆ ಸಂಖ್ಯೆಗಳಿವೆ. ನಾವು ‘ರು’ ಎಂದು ಒಂದೇ ಅಕ್ಷರವಾಗಿ ಓದುವುದನ್ನು ಯಂತ್ರವು ‘ರ’ ಮತ್ತು ಕೊಂಬು ಎಂದು ಎರಡಾಗಿ ಇಟ್ಟುಕೊಳ್ಳುತ್ತದೆ. ‘ರಿ’, ‘ರೂ’ಗಳೂ ಹಾಗೆಯೇ. ಆದುದರಿಂದ ‘ತವರ’ ಎಂಬುದು ಇವೆಲ್ಲವುಗಳ ತಲೆಯಲ್ಲಿಯೂ ಸಿಗುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ. ಯಂತ್ರದ ಲೆಕ್ಕದಲ್ಲಿ ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ದೀರ್ಘ ಈಕಾರ ಹೀಗೆ ಆರು. ಎಣಿಸುವ ಆಜ್ಞೆಯಾದ ‘ಡಬ್ಲ್ಯುಸಿ’ಯಿಂದ ಇದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಛಂದಸ್ಸಿನ ಮಾತ್ರೆ ಎಣಿಸಲು ಯಂತ್ರವನ್ನು ನಂಬಿದವನು ಕೆಟ್ಟನೆಂದೇ ತಿಳಿಯಬೇಕು.

ತವರಿನ ಲೆಕ್ಕ ಸಿಕ್ಕ ಹುರುಪಿನಲ್ಲಿ ಅತ್ತೆಯ ಲೆಕ್ಕಕ್ಕೆ ಕೈಹಾಕಿದೆನು. ನಮ್ಮ ಅಜ್ಜಿ ಕೆಲವೆಡೆ ‘ಅತ್ತೆ’ ಎಂದೂ ಕೆಲವೆಡೆ ‘ಅತ್ತಿ’ ಎಂದೂ ಹಾಡಿದ್ದಳು. ಆದುದರಿಂದ ‘ಅತ್ತ’ ಎಂದು ಕೊಟ್ಟೆನು. ಬಂದ ಸಾಲುಗಳು ಬಹಳ. ಅತ್ತೆಯ ಕಾಟ ಇಷ್ಟಿತ್ತೇ ಎಂದು ಬೆರಗಾಗಿ ಓದಿ ನೋಡಿದರೆ, ಅವುಗಳಲ್ಲಿ ಅತ್ತಿಗೆಯರೂ ಸೇರಿದ್ದರು. ‘ಅತ್ತಳು’, ‘ಅತ್ತು’ ಎಂಬ ಕಣ್ಣೀರಿನ ಸಾಲುಗಳೂ ಸೇರಿದ್ದುವು. ಯಂತ್ರಕ್ಕೆ ಅತ್ತೆಗೂ ಅಳುವಿಗೂ ಭೇದ ತಿಳಿಯದು. (ಬೀಸುವ ಪದಗಳ ಮಟ್ಟಿಗೆ ಅದು ಪೂರ್ತಿ ತಪ್ಪೆಂದೂ ಹೇಳಲಾಗದೆಂದು ಅಜ್ಜಿ ನಕ್ಕಳು.) ಕೊನೆಗೆ ಸಾಲುಗಳನ್ನು ನಾನೇ ಓದಿ ಬೇರ್ಪಡಿಸಬೇಕಾಯಿತು. ಹುಡುಕುವ ದುಡಿಮೆಯನ್ನು ಯಂತ್ರಕ್ಕೆ ಬಿಡಬಹುದು. ಅರ್ಥದ ಕೆಲಸ ನಮ್ಮದೇ.

ಎಣಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಗ್ರೆಪ್ಪಿಗೆ ‘ಸಿ’ ಎಂಬ ಗುರುತು ಕೊಟ್ಟರೆ ಎಷ್ಟು ಸಾಲುಗಳಲ್ಲಿ ಶಬ್ದವಿದೆ ಎಂದು ಹೇಳುತ್ತದೆ. ಒಂದೇ ಸಾಲಿನಲ್ಲಿ ಎರಡು ಸಲ ಬಂದಿದ್ದರೂ ಒಂದೆಂದೇ ಎಣಿಸುತ್ತದೆ. ‘ಓ’ ಎಂಬ ಗುರುತು ಕೊಟ್ಟರೆ ಸಿಕ್ಕ ಒಂದೊಂದನ್ನೂ ಒಂದೊಂದು ಸಾಲಿನಲ್ಲಿ ಇಳಿಸುತ್ತದೆ. ಆ ಸಾಲುಗಳನ್ನು ಡಬ್ಲ್ಯುಸಿಗೆ ಒಪ್ಪಿಸಿದರೆ ಸರಿಯಾದ ಲೆಕ್ಕ. ಹೀಗೆ ಒಂದು ಆಜ್ಞೆಯ ಫಲವನ್ನು ಇನ್ನೊಂದಕ್ಕೆ ಒಪ್ಪಿಸಲು ಎರಡರ ನಡುವೆ ನೆಟ್ಟಗೆ ನಿಂತ ಗೆರೆಯೊಂದನ್ನು ಹಾಕುತ್ತಾರೆ. ಅದರ ಹೆಸರು ‘ಪೈಪ್’, ಎಂದರೆ ಕೊಳವೆ. ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕಿಲ್‌ರಾಯ್ ಅವರ ಸಲಹೆಯಂತೆ 1973ರಲ್ಲಿ ಇದು ಯುನಿಕ್ಸಿಗೆ ಬಂತು. ನನ್ನ ಮಟ್ಟಿಗೆ ಇಡೀ ವಿದ್ಯೆಯ ಸೊಗಸು ಇರುವುದು ಇಲ್ಲಿಯೇ. ಜೋಳ ಬೀಸುವ ಮನೆಯಲ್ಲಿ ಮೊರ ಹಿಡಿದು ಹಸನು ಮಾಡುವವಳೊಬ್ಬಳು, ಬೀಸುವವಳೊಬ್ಬಳು, ಜರಡಿ ಹಿಡಿಯುವವಳೊಬ್ಬಳು. ಒಬ್ಬೊಬ್ಬರದು ಒಂದೊಂದೇ ಕೆಲಸ. ಒಬ್ಬಳ ಕೈಯಿಂದ ಇಳಿದದ್ದು ಇನ್ನೊಬ್ಬಳ ಕೈಗೆ. ಹಾಗೆಯೇ ಇಲ್ಲಿ: ‘ಕ್ಯಾಟ್’ ಎಲ್ಲ ಪದಗಳನ್ನೂ ಸುರಿಯುತ್ತದೆ, ‘ಟಿಆರ್’ ಶಬ್ದಗಳ ನಡುವಣ ತೆರವನ್ನು ಸಾಲಿನ ಮುರಿತವಾಗಿ ಬದಲಿಸಿ ಸಾಲಿಗೊಂದು ಶಬ್ದ ಮಾಡುತ್ತದೆ, ‘ಸಾರ್ಟ್’ ಅವನ್ನು ಕ್ರಮಕ್ಕೆ ತರುತ್ತದೆ, ‘ಯೂನಿಕ್’ ಒಂದೇ ಬಗೆಯವನ್ನು ಒಟ್ಟುಮಾಡಿ ಎಣಿಸುತ್ತದೆ, ಮತ್ತೊಂದು ಸಾರ್ಟ್ ಹೆಚ್ಚಿನದನ್ನು ಮೇಲಕ್ಕೆ ಏರಿಸುತ್ತದೆ. ಒಂದೇ ಸಾಲಿನ ಆಜ್ಞೆಯಿಂದ 41 ಪದಗಳ ಶಬ್ದಸಂಪತ್ತೆಲ್ಲ ಲೆಕ್ಕವಾಗಿ ಎದುರಿಗೆ ಬರುತ್ತದೆ. ಯೂನಿಕ್ಕಿಗೆ ಅಕ್ಕಪಕ್ಕದ ಸಾಲುಗಳನ್ನು ಹೋಲಿಸುವುದಷ್ಟೇ ಗೊತ್ತು. ಆದುದರಿಂದ ಅದಕ್ಕೆ ಮುಂಚೆ ಸಾರ್ಟ್ ತಪ್ಪಬಾರದು. ಅಂಕೆಗಳ ಕ್ರಮದಂತೆಯೇ ಜೋಡಿಸಿದರೆ ‘ಳ’ಕಾರವು ನಮ್ಮ ವರ್ಣಮಾಲೆಯಲ್ಲಿದ್ದಂತೆ ಕೊನೆಗೆ ನಿಲ್ಲದೆ ‘ಲ’ಕಾರದ ಬೆನ್ನಿಗೇ ನಿಲ್ಲುತ್ತದೆ, ಯೂನಿಕೋಡಿನಲ್ಲಿ ಅದರ ಸ್ಥಾನ ಹಾಗಿದೆ. ಇನ್ನೊಂದು ಮಾತು: ಅನೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುವುದಿಲ್ಲ. ಒಂದೊಂದು ಅಕ್ಷರಕ್ಕೂ ಸಮನಾದ ಮನೆ ಹಂಚುವ ಪದ್ಧತಿ ಇಂಗ್ಲಿಷಿಗೆ ಹೊಂದಿದಂತೆ ನಮಗೆ ಹೊಂದದು. ಕಡತಕ್ಕೇನೂ ಕುಂದು ಬಂದಿರುವುದಿಲ್ಲ.

ಈಗ ನನ್ನ ಅವಿವೇಕವನ್ನು ಹೇಳಬೇಕು. ಅಳಿಸುವ ಆಜ್ಞೆ ‘ಆರ್‌ಎಂ’. ಇದು ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋದಂತೆಯೇ. ನನ್ನ ಫೋಲ್ಡರಿನಲ್ಲಿ ಪದಗಳ ಜೊತೆಗೆ ‘ಹಳೆ’ ಎಂದು ಮೊದಲಾಗುವ ಕರಡು ಕಡತಗಳಿದ್ದುವು. ಅವನ್ನು ಅಳಿಸಲು ‘ಆರ್‌ಎಂ’ ಎಂದು ಬರೆದು ‘ಹಳೆ’ಗೆ ನಕ್ಷತ್ರವನ್ನು ಅಂಟಿಸಿ ಕೊಡಬೇಕಾಗಿತ್ತು. ರಾತ್ರಿ ಹನ್ನೊಂದರ ನಿದ್ದೆಗಣ್ಣಿನಲ್ಲಿ ‘ಹಳೆ’ಗೂ ನಕ್ಷತ್ರಕ್ಕೂ ನಡುವೆ ಒಂದು ತೆರವು ಬಿತ್ತು. ಯಂತ್ರವು ಅದನ್ನು ‘ಹಳೆ ಎಂಬ ಕಡತ, ಮತ್ತು ಎಲ್ಲವೂ’ ಎಂದು ಓದಿತು. ‘ಹಳೆ’ ಎಂಬ ಕಡತವಿಲ್ಲವೆಂದು ದೂರಿ, ಉಳಿದುದನ್ನೆಲ್ಲ ಅಳಿಸಿಹಾಕಿತು. ಬರೆದುಕೊಂಡಿದ್ದ ಕಾಗದಗಳನ್ನು ಬೆರಳಚ್ಚಾದ ಮೇಲೆ ನಾನು ಜೋಪಾನ ಮಾಡಿರಲಿಲ್ಲ.

ಮಾರನೆಯ ದಿನ ಊರಿಗೆ ಹೋಗಿ ಅಜ್ಜಿಯ ಮುಂದೆ ಕುಳಿತೆನು. “ಹೋದ್ರ ಹೋಗ್ಲೇಳೊ ತಮ್ಮಾ. ಪದ ಏನು ನಿನ್ನ ಡಬ್ಬಿಯಾಗ ಹುಟ್ಟಿದ್ವೇನು? ಕುಂದ್ರು, ಮತ್ತ ಬರ್ಕೊ” ಎಂದಳು. ನಾಲ್ಕು ದಿನ ಬರೆದೆನು. 36 ಪದಗಳು ತಿರುಗಿ ಬಂದುವು. ಐದು ಅವಳ ನಾಲಗೆಗೆ ಬರಲಿಲ್ಲ. ಬೀಸುವ ಕಲ್ಲು ಮನೆಯಲ್ಲಿ ತಿರುಗದೆ ಎಷ್ಟೋ ವರ್ಷಗಳಾಗಿವೆ. ಮೊದಲ ಸಲ ಹೇಗೋ ನೆನಪಾಗಿದ್ದುವು. ಅಂದಿನಿಂದ ನಾನು ಮೂರು ಕಟ್ಟಳೆಗಳನ್ನು ಮಾಡಿಕೊಂಡಿದ್ದೇನೆ. ಅಳಿಸುವ ಮುನ್ನ ಅದೇ ಗುರುತನ್ನು ‘ಎಲ್‌ಎಸ್’ಗೆ ಕೊಟ್ಟು ಏನೇನು ಸಿಕ್ಕುತ್ತದೆಂದು ನೋಡುವುದು, ಆರ್‌ಎಂ ಜೊತೆಗೆ ‘ಐ’ ಎಂಬ ಗುರುತನ್ನಿಟ್ಟು, ಒಂದೊಂದನ್ನೂ ಕೇಳಿ ಅಳಿಸುವಂತೆ ಮಾಡುವುದು, ಸಂಜೆಗೊಮ್ಮೆ ‘ಸಿಪಿ’ಯಿಂದ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡುವುದು.

ಆ ಐದು ಪದಗಳ ಬೆನ್ನು ಹತ್ತಿದಾಗ ಊರಿನ ಹಿರಿಯರೊಬ್ಬರು ಒಂದು ಕಡತ ಕೊಟ್ಟರು. ಹಿಂದೊಮ್ಮೆ ಅವರು ಹೆಂಗಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಲೆಂದು ಡಿ.ಟಿ.ಪಿ. ಮಾಡಿಸಿದ್ದರಂತೆ, ಪುಸ್ತಕ ಹೊರಬರಲಿಲ್ಲ. ಕಡತವನ್ನು ತೆರೆದರೆ ಒಂದಕ್ಷರವೂ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಗ್ರೆಪ್ಪಿಗೆ ‘ತವರ’ ಎಂದು ಕೊಟ್ಟರೆ ಏನೂ ಇಲ್ಲವೆಂದಿತು. ಅದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ ಬೆರಳಚ್ಚಾಗಿತ್ತು. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ನುಡಿ ಫಾಂಟು ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತದೆ. ಫಾಂಟು ಇಲ್ಲದೆಡೆ ಕನ್ನಡವೂ ಇಲ್ಲ. ನಮ್ಮ ಮಸ್ಕಿಯ ಅಶೋಕ ಶಾಸನದ ಮಾತು ನೆನಪಾಯಿತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅದನ್ನು ಕಂಡಾಗ ಓದಲು ಸಾಧ್ಯವಾದುದು, 1837ರ ಸುಮಾರಿಗೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಬೀಗ ತೆರೆದಿದ್ದುದರಿಂದ. ಈ ನುಡಿ ಕಡತಕ್ಕೂ ಅಂತಹ ಬೀಗದ ಕೈ ಬೇಕಾಗಿತ್ತು.

ಅದೂ ಇದೆ. ಹಳೆಯ ಪದ್ಧತಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡಿಗರೇ ಬರೆದಿದ್ದಾರೆ; ಅರವಿಂದ ವಿ. ಕೆ. ಎಂಬುವರು ಬರೆದದ್ದು ಮೂಲ ಬರಹದೊಡನೆ ಎಲ್ಲರಿಗೂ ತೆರೆದಿದೆ. ಕಡತದಿಂದ ಬರಿಯ ಅಕ್ಷರಗಳನ್ನು ತೆಗೆದು ಪರಿವರ್ತಕಕ್ಕೆ ಕೊಟ್ಟೆನು. ಅಲ್ಲಲ್ಲಿ ಒತ್ತಕ್ಷರಗಳು ತಪ್ಪಿದ್ದುವು, ಕೈಯಾರೆ ತಿದ್ದಿದೆನು. ಅನಂತರ ಅಜ್ಜಿಗೆ ನೆನಪಿದ್ದ ಒಂದೊಂದೇ ಶಬ್ದವನ್ನು ಗ್ರೆಪ್ಪಿಗೆ ಕೊಡುತ್ತ ಹೋದೆನು. ಐದರಲ್ಲಿ ಎರಡು ಪದಗಳು ಸಿಕ್ಕುವು. ಓದಿ ಹೇಳಿದಾಗ ಅಜ್ಜಿ ಮೂರನೆಯ ಸಾಲಿನಿಂದ ತಾನೇ ಎತ್ತಿಕೊಂಡು ಹಾಡಿದಳು.

ಇನ್ನು ಮೂರು ಉಳಿದಿವೆ. ಒಂದರಲ್ಲಿ ಸಂತೆಗೆ ಹೋದ ಅಣ್ಣ ಬಳೆ ತರುವ ಮಾತಿದೆ, ಇನ್ನೊಂದರಲ್ಲಿ ಹಳ್ಳ ತುಂಬಿ ತವರಿನ ದಾರಿ ಕಟ್ಟಿದ ಮಾತಿದೆ. ಮೂರನೆಯದರ ಧಾಟಿ ಮಾತ್ರ ನೆನಪಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಸಹಾಧ್ಯಾಯಿಗಳ ಮನೆಯಲ್ಲಿ ಇಂಥ ಪದ ಬಲ್ಲ ಹಿರಿಯರಿದ್ದರೆ, ಇಲ್ಲವೆ ಓದಲು ಬಾರದ ಹಳೆಯ ಕಡತಗಳಿದ್ದರೆ, ಕನ್ನಡ ವಿಭಾಗಕ್ಕೆ ತಂದುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ತಿರುಗಿಸಿ, ಒಂದು ಪ್ರತಿಯನ್ನು ಅವರಿಗೇ ಕೊಡುತ್ತೇನೆ.