ಎಲ್ಲ ಗೇರಿಗೂ ತೊಂಬತ್ತು ನಂಬರ್ ಆಗುವುದಿಲ್ಲ

ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಆಯಿಲ್ ಅಂಗಡಿಗೆ ಹೋಗಿ ‘ಗೇರ್ ಎಣ್ಣೆ ಕೊಡಿ’ ಎಂದರೆ ಯಾವ ಗಾಡಿಗೆ ಎಂದು ಕೇಳುವವರು ಕಡಿಮೆ. ಕೈ ತಾನಾಗಿ ತೊಂಬತ್ತು ನಂಬರಿನ ಡಬ್ಬಕ್ಕೆ ಹೋಗುತ್ತದೆ. ನಮ್ಮ ಕಡೆ ಗೇರ್ ಎಂದರೆ ತೊಂಬತ್ತು, ಇಂಜಿನ್ ಎಂದರೆ ನಲವತ್ತು. ಆ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ ಜೀಪು ಓಡುತ್ತಿದ್ದ ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. ತೊಂದರೆ ಶುರುವಾದದ್ದು ಗಾಡಿಗಳು ಬದಲಾಗಿಯೂ ಲೆಕ್ಕ ಬದಲಾಗದೆ ಉಳಿದಾಗ.

ಫೋರ್‌ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಗೇರ್ ಲಿವರಿನ ಪಕ್ಕದಲ್ಲಿ ಮೋಟಾಗಿ ನಿಂತಿರುವ ಎರಡನೇ ಲಿವರ್ ಅಲ್ಲಾಡಿಸುವುದು ಇದನ್ನೇ. ಹೊಸ ಗಾಡಿಗಳಲ್ಲಿ ಲಿವರಿನ ಬದಲು ಒಂದು ತಿರುಗಣೆ ಇದ್ದೀತು. ಇದೇ ಟ್ರಾನ್ಸ್‌ಫರ್ ಕೇಸ್. ಇಂಜಿನ್ನಿನಿಂದ ಬಂದ ಶಕ್ತಿಯನ್ನು ಹಿಂದಿನ ಚಕ್ರಕ್ಕಷ್ಟೇ ಕೊಡಬೇಕೋ, ಮುಂದಿನದಕ್ಕೂ ಹಂಚಬೇಕೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ‘ಲೋ’ಗೆ ಹಾಕಿದರೆ ವೇಗವನ್ನು ಹೆಚ್ಚುಕಡಿಮೆ ಎರಡೂವರೆ ಪಾಲು ತಗ್ಗಿಸಿ, ಎಳೆಯುವ ಬಲವನ್ನು ಅಷ್ಟೇ ಪಾಲು ಏರಿಸುತ್ತದೆ. ಅರಕಲಗೂಡಿನ ಪಡುವಣ ಹಳ್ಳಿಗಳಲ್ಲಿ ಆಷಾಢದ ಮಳೆಗೆ ಶುಂಠಿ ಹೊಲದ ದಾರಿ ಕೆಸರೆದ್ದಾಗ ಮೂಟೆ ಹೊತ್ತ ಪಿಕಪ್ಪನ್ನು ಎಳೆದು ತರುವುದು ಈ ಪೆಟ್ಟಿಗೆಯ ಕೆಲಸ. ಇಷ್ಟೆಲ್ಲ ಮಾಡುವುದಕ್ಕೆ ಅದರ ಹೊಟ್ಟೆಗೆ ಬೇಕಾದ ಎಣ್ಣೆ ಒಂದೆರಡು ಲೀಟರ್ ಅಷ್ಟೇ. ಕಡಿಮೆ ಎಣ್ಣೆ ಕುಡಿಯುವುದರಿಂದಲೇ ಯಾರ ನೆನಪಿಗೂ ಬರುವುದಿಲ್ಲ.

ಯಾವ ಎಣ್ಣೆ ಎಂದು ಕೇಳುವ ಮೊದಲು ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಬೇಕು. ಒಳಗೆ ಇರುವುದು ಹಲ್ಲಿನ ಗೇರೋ, ಚೈನೋ, ಕ್ಲಚ್ ಪ್ಲೇಟೋ? ಗಾಡಿಯ ಹೆಸರಿಗಿಂತ ಈ ಪ್ರಶ್ನೆ ಮುಖ್ಯ.

ವಿಲ್ಲೀಸ್ ಕಾಲದಿಂದ ಬಂದ ಮಹೀಂದ್ರ ಜೀಪುಗಳಲ್ಲಿ ಇದ್ದದ್ದು ಪೂರ್ತಿ ಗೇರಿನ ಪೆಟ್ಟಿಗೆ. ಗೇರಿಗೆ ಗೇರು ಕಚ್ಚಿಕೊಂಡು ತಿರುಗುತ್ತವೆ, ತಳದಲ್ಲಿ ನಿಂತ ಎಣ್ಣೆಯನ್ನು ಹಲ್ಲುಗಳೇ ಎರಚಾಡಿ ಮೇಲಿನ ಬೇರಿಂಗಿನವರೆಗೆ ಮುಟ್ಟಿಸುತ್ತವೆ. ಹಲ್ಲಿಗೆ ಅಂಟಿ ನಿಲ್ಲುವ ಮಂದ ಎಣ್ಣೆಯೇ ಅಲ್ಲಿ ಬೇಕು, ತೊಂಬತ್ತೇ ಸರಿ. ಆದರೆ ಅಲ್ಲೊಂದು ಸೂಕ್ಷ್ಮವಿದೆ. ಹಲವು ಹಳೆಯ ಜೀಪುಗಳಲ್ಲಿ ಗೇರ್‌ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದು, ನಡುವಿನ ರಂಧ್ರದಲ್ಲಿ ಎಣ್ಣೆ ಇತ್ತಿಂದತ್ತ ಹರಿಯುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಖಾಲಿ ಮಾಡಿ ಒಟ್ಟಿಗೇ ತುಂಬಬೇಕು. ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೂ ಹೋಗುತ್ತದೆಂಬುದು ನೆನಪಿರಲಿ, ಮುಂದೆ ಇದೇ ಮಾತು ಬರುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಗೇರಿನ ಪೆಟ್ಟಿಗೆಯೇ. ಆದರೆ ಅದು ಗೇರ್‌ಬಾಕ್ಸಿನಿಂದ ಬೇರೆಯಾಗಿ, ಸಣ್ಣದೊಂದು ಶಾಫ್ಟಿನ ತುದಿಯಲ್ಲಿ ತನ್ನಷ್ಟಕ್ಕೆ ಕುಳಿತಿರುತ್ತದೆ. ಹಿಡಿಯುವ ಎಣ್ಣೆ ಒಂದು ಲೀಟರಿಗೂ ಕಡಿಮೆ.

ಆಮೇಲೆ ಚೈನ್ ಬಂತು. ಅಮೆರಿಕದಲ್ಲಿ 1980ರ ದಶಕದಿಂದಲೇ ಎರಕದ ಕಬ್ಬಿಣದ ಜಾಗಕ್ಕೆ ಅಲ್ಯೂಮಿನಿಯಂ ಹೊದಿಕೆ, ಗೇರಿನ ಸಾಲಿನ ಜಾಗಕ್ಕೆ ಅಗಲವಾದ ಚೈನ್ ಬಂದು ಪೆಟ್ಟಿಗೆ ಹಗುರವಾಯಿತು, ಸದ್ದೂ ತಗ್ಗಿತು. ನಮ್ಮಲ್ಲಿಯ ಫೋರ್‌ವೀಲ್ ಎಸ್‌ಯುವಿಗಳಿಗೂ ಬೋರ್ಗ್‌ವಾರ್ನರ್ ಮಾದರಿಯ ಪೆಟ್ಟಿಗೆಗಳು ಬಂದವು. ಆ ಕಂಪನಿಯ ಜೊತೆ ಪಾಲುದಾರಿಕೆಯಲ್ಲಿದ್ದು ಈಗ ದಿವ್ಗಿ ಟಾರ್ಕ್‌ಟ್ರಾನ್ಸ್‌ಫರ್ ಎಂಬ ಹೆಸರಿನಲ್ಲಿ ಟ್ರಾನ್ಸ್‌ಫರ್ ಕೇಸ್ ತಯಾರಿಸುವ ಸಂಸ್ಥೆಯ ಕಾರ್ಖಾನೆಗಳಲ್ಲಿ ಒಂದು ಇರುವುದು ನಮ್ಮ ಶಿರಸಿಯಲ್ಲಿ. ಅಡಿಕೆ, ಮೆಣಸಿನ ಊರೆಂದಷ್ಟೇ ಶಿರಸಿಯನ್ನು ಬಲ್ಲವರಿಗೆ ಇದು ಹೊಸ ಸುದ್ದಿ.

ಇಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಕಡೆ ತಳದ ಎಣ್ಣೆಯನ್ನು ಹೀರಿ ಮೇಲಿನ ಬೇರಿಂಗಿಗೆ ಕಳಿಸಲು ಪುಟ್ಟ ಪಂಪ್ ಇರುತ್ತದೆ. ಚೈನಿನ ಕೊಂಡಿಗಳ ಸಂದಿಗೆ ಎಣ್ಣೆ ಇಳಿಯಬೇಕು, ಪಂಪಿಗೂ ಅದು ಏರಬೇಕು. ಅದಕ್ಕೆ ತೆಳು ಎಣ್ಣೆಯೇ ಆಗಬೇಕು. ಹಾಗಾಗಿ ಬಹುತೇಕ ಚೈನ್ ಪೆಟ್ಟಿಗೆಗಳಿಗೆ ಕಂಪನಿಗಳು ಹೇಳುವುದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆ. ನಮ್ಮ ಮೆಕ್ಯಾನಿಕ್‌ಗಳು ಅದನ್ನು ‘ಪವರ್ ಸ್ಟೀರಿಂಗ್ ಆಯಿಲ್’ ಎಂದೇ ಕರೆಯುವುದು. ಸ್ಟೀರಿಂಗಿಗೆ ಹಾಕುವ ಎಣ್ಣೆಯನ್ನು ಗೇರಿಗೆ ಹಾಕು ಎಂದರೆ ಅವರು ನಗುವುದೂ ಸಹಜ.

ನನ್ನದೇ ಅನುಭವ ಹೇಳುತ್ತೇನೆ. ಹಾಸನದಲ್ಲಿ ಕೊಂಡ ಹಳೆಯ ಫೋರ್‌ವೀಲ್ ಗಾಡಿಯೊಂದರಲ್ಲಿ ಬೆಳಗಿನ ಹೊತ್ತು ಲೋಗೆ ಹಾಕಲು ಲಿವರ್ ಒಪ್ಪುತ್ತಲೇ ಇರಲಿಲ್ಲ. ನಾಲ್ಕು ಕಿಲೋಮೀಟರ್ ಓಡಿದ ಮೇಲೆ ಸರಾಗ. ಲಿಂಕೇಜ್ ಸವೆದಿದೆ, ಬದಲಾಯಿಸಿ ಎಂದರು. ಬದಲಾಯಿಸಲಿಲ್ಲ, ಕೆಳಗೆ ಮಲಗಿ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ತೂರಿಸಿದೆ. ಕೆಂಪಗಿರಬೇಕಾದ್ದು ಜೋನಿಬೆಲ್ಲದ ಬಣ್ಣದಲ್ಲಿತ್ತು, ಬೆರಳಿನಿಂದ ಬೆರಳಿಗೆ ಎಳೆಯಾಗಿ ಜಗ್ಗುತ್ತಿತ್ತು. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಗೇರ್ ಎಣ್ಣೆಗೆ ಬೆರೆಸುವ ಗಂಧಕದ್ದು. ಎಟಿಎಫ್‌ನಲ್ಲಿ ಅದು ಬರುವುದಿಲ್ಲ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಚೈನ್ ಪೆಟ್ಟಿಗೆಗೆ ತೊಂಬತ್ತು ತುಂಬಿದ್ದರು. ಮ್ಯಾನ್ಯುಯಲ್ಲಿನಲ್ಲಿದ್ದ ಎಣ್ಣೆ ಹಾಕಿದ ಮೇಲೆ ಲಿವರ್ ದಾರಿಗೆ ಬಂತು. ಲಿಂಕೇಜಿಗೆ ಕೇಳಿದ್ದ ಹಣ ಉಳಿಯಿತು.

ಎಟಿಎಫ್ ಕೊಳ್ಳುವಾಗಲೂ ಕಣ್ಣಿರಲಿ. ಹಳೆಯ ಮ್ಯಾನ್ಯುಯಲ್ಲುಗಳಲ್ಲಿ ಡೆಕ್ಸ್‌ರಾನ್-3 ಎಂದಿರುತ್ತದೆ. ಜನರಲ್ ಮೋಟಾರ್ಸ್ ಕಂಪನಿ ಆ ಗುರುತಿಗೆ ಪರವಾನಗಿ ಕೊಡುವುದನ್ನು 2006ರ ಕೊನೆಗೇ ನಿಲ್ಲಿಸಿತು. ಈಗ ಡಬ್ಬದ ಮೇಲೆ ಡೆಕ್ಸ್‌ರಾನ್-3 ಎಂದಿದ್ದರೆ ಅದು ಎಣ್ಣೆ ಕಂಪನಿಯ ಸ್ವಂತ ಮಾತು. ಹೆಸರಾಂತ ಕಂಪನಿಯದಾದರೆ ನಂಬಬಹುದು, ಊರುಹೆಸರಿಲ್ಲದ ಕೆಂಪು ಡಬ್ಬ ಬೇಡ.

ಕ್ಲಚ್ ಪ್ಲೇಟಿನ ಪೆಟ್ಟಿಗೆಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ. ಚಕ್ರ ಜಾರಿದಾಗ ತಾನೇ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ದುಬಾರಿ ಗಾಡಿಗಳವು. ಆ ಪ್ಲೇಟುಗಳ ಹಿಡಿತಕ್ಕೆ ಹೊಂದಿಸಿದ ಎಣ್ಣೆ ಬೇರೆಯೇ ಇರುತ್ತದೆ. ಬೇರೆಯದು ಹಾಕಿದರೆ ತಿರುವಿನಲ್ಲಿ ಗಾಡಿ ಜಗ್ಗುತ್ತದೆ. ಕಂಪನಿ ಹೇಳಿದ್ದನ್ನೇ ಹಾಕಿ, ಇಲ್ಲಿ ಜಾಣತನ ಬೇಡ.

ಇನ್ನು ಡಬ್ಬದ ಮೇಲಿನ ಅಂಕಿಗಳು. ತೊಂಬತ್ತು ಎಂದರೆ ನಲವತ್ತರ ಎರಡು ಪಟ್ಟಿಗಿಂತ ಮಂದ ಎಂಬುದು ತಪ್ಪು ತಿಳಿವಳಿಕೆ. ಗೇರ್ ಎಣ್ಣೆಯ ಅಳತೆಗೋಲು ಬೇರೆ, ಇಂಜಿನ್ ಎಣ್ಣೆಯದು ಬೇರೆ. 100 ಡಿಗ್ರಿ ಬಿಸಿಯಲ್ಲಿ ಗೇರಿನ 90ರ ಮಂದತೆ 13.5ರಿಂದ 18.5 ಸೆಂಟಿಸ್ಟೋಕ್, ಇಂಜಿನ್ನಿನ 40ರದು 12.5ರಿಂದ 16.3. ಎರಡೂ ಅಕ್ಕಪಕ್ಕದ ಮನೆಯವು. ಅದೇ ಬಿಸಿಯಲ್ಲಿ ಎಟಿಎಫ್ ಆರೇಳರ ಆಸುಪಾಸಿನಲ್ಲಿರುತ್ತದೆ, ಅಂದರೆ ತೊಂಬತ್ತರ ಅರ್ಧದಷ್ಟು.

75ಡಬ್ಲ್ಯೂ-90 ಮತ್ತು 80ಡಬ್ಲ್ಯೂ-90ರ ನಡುವೆ ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಡಬ್ಲ್ಯೂ ಪಕ್ಕದ ಅಂಕಿ ಚಳಿಯ ಪರೀಕ್ಷೆಯದು. 80ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ, 75ಡಬ್ಲ್ಯೂವನ್ನು 40 ಡಿಗ್ರಿ ಕೆಳಗೆ. ಹಾಸನ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದ್ದು ಮಾಗಿಯಲ್ಲಿ ಎಷ್ಟೇ ನಡುಗಿಸಿದರೂ ಸೊನ್ನೆಯ ಹತ್ತಿರ ಸುಳಿಯುವುದಿಲ್ಲ. ಮ್ಯಾನ್ಯುಯಲ್ ಎರಡಕ್ಕೂ ಒಪ್ಪಿದ್ದರೆ ಇಲ್ಲಿಗೆ ಯಾವುದಾದರೂ ಆದೀತು. ಹೆಚ್ಚು ದುಡ್ಡು ಸುರಿಯಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಜಿಎಲ್-4, ಜಿಎಲ್-5 ಎಂಬ ಗುರುತಿಗೆ. ಅಂಕಿ ದೊಡ್ಡದು, ಹಾಗಾಗಿ ಒಳ್ಳೆಯದು ಎಂದುಕೊಂಡು 5ನ್ನೇ ಕೇಳುವವರು ಬಹಳ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಪಾಲು ಜಿಎಲ್-4ರ ಸುಮಾರು ಎರಡರಷ್ಟು. ಆಕ್ಸಲ್ ಹೌಸಿಂಗಿನ ಕ್ರೌನ್ ಪಿನಿಯನ್ ಒಂದರ ಮೇಲೊಂದು ಜೋರಾಗಿ ಉಜ್ಜಿಕೊಂಡು ತಿರುಗುವುದರಿಂದ ಅಲ್ಲಿಗೆ ಅದು ಬೇಕೇ ಬೇಕು. ಆದರೆ ಹಿತ್ತಾಳೆ, ಕಂಚಿನ ಬುಷ್ ಮತ್ತು ಸಿಂಕ್ರೊ ರಿಂಗುಗಳಿಗೆ ಅದು ಆಗಿಬರುವುದಿಲ್ಲ. ಮೆತ್ತನೆಯ ಲೋಹವನ್ನು ಪದರಪದರವಾಗಿ ತಿನ್ನುತ್ತದೆ. ಹಳೆಯ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿಗೆ ಹಾಕಿದ್ದು ಗೇರ್‌ಬಾಕ್ಸಿಗೂ ಹರಿಯುತ್ತದೆ ಎಂದೆನಲ್ಲ, ಆ ಸಿಂಕ್ರೊ ರಿಂಗುಗಳು ಇರುವುದು ಅಲ್ಲಿ. ಹಾಗಾಗಿ ಪೆಟ್ಟಿಗೆಗೆ ಜಿಎಲ್-4, ಹಿಂದುಮುಂದಿನ ಹೌಸಿಂಗಿಗೆ ಜಿಎಲ್-5. ಒಂದೇ ಗಾಡಿಗೆ ಎರಡು ಡಬ್ಬ ಕೊಳ್ಳುವುದು ದಂಡವಲ್ಲ.

ನಮ್ಮ ಸೀಮೆಯಲ್ಲಿ ಜೀಪಿಗಿಂತ ಫೋರ್‌ವೀಲ್ ಟ್ರ್ಯಾಕ್ಟರೇ ಹೆಚ್ಚು, ಅದನ್ನೂ ಹೇಳಿಬಿಡುತ್ತೇನೆ. ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಕ್ಕೆ ಬಲ ಕೊಡುವ ಗೇರುಗಳು ಎಷ್ಟೋ ಮಾದರಿಗಳಲ್ಲಿ ಗೇರ್‌ಬಾಕ್ಸ್, ಹೈಡ್ರಾಲಿಕ್ ಲಿಫ್ಟ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಕುಡಿಯುವ ಎಣ್ಣೆಯನ್ನೇ ಕುಡಿಯುತ್ತವೆ. ಅದಕ್ಕೆಂದೇ ಯುಟಿಟಿಒ ಎಂಬ ಎಣ್ಣೆ ಇದೆ. ಅದರ ಜಾಗಕ್ಕೆ ತೊಂಬತ್ತು ಹುಯ್ದರೆ ನೇಗಿಲು ಏಳುವುದು ನಿಧಾನವಾಗುತ್ತದೆ, ಬ್ರೇಕ್ ಕಿರುಗುಟ್ಟುತ್ತದೆ.

ನೀರಿನ ಮಾತಿಗೆ ಬರೋಣ. ಹೇಮಾವತಿ ದಂಡೆಯ ಗದ್ದೆಬಯಲಲ್ಲಿ, ಕಾಲುವೆ ಏರಿಯ ಕೆಳಗೆ ಗಾಡಿ ಇಳಿಸುವವರು ತಿಳಿದಿರಬೇಕಾದ್ದು ಇಷ್ಟು: ಓಡಿ ಬಿಸಿಯಾದ ಪೆಟ್ಟಿಗೆ ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ, ಉಸಿರುನಳಿಗೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ. ಒಂದು ದಿನವೂ ಕಾಯದೆ ಬದಲಿಸಿ. ಚನ್ನರಾಯಪಟ್ಟಣದ ಒಣನೆಲದವರಿಗೆ ಈ ಕಾಟ ಕಡಿಮೆ. ಅಲ್ಲಿಯವರ ತಪ್ಪು ಬೇರೆ. ತೆಂಗಿನ ತೋಟದಿಂದ ಫೋರ್‌ವೀಲಿನಲ್ಲಿ ಹೊರಟವರು ರಾಷ್ಟ್ರೀಯ ಹೆದ್ದಾರಿ 75 ಹತ್ತಿದರೂ ಲಿವರ್ ಹಿಂದಕ್ಕೆ ಹಾಕುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳುತ್ತವೆ, ಕೆಸರಿನಲ್ಲಾದರೆ ಜಾರಿ ಸರಿಹೋಗುತ್ತದೆ, ಟಾರಿನ ಮೇಲೆ ಜಾರಲು ದಾರಿಯಿಲ್ಲ. ಆ ಬಿಗಿತವೆಲ್ಲ ಪೆಟ್ಟಿಗೆಯೊಳಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಯಾವ ಎಣ್ಣೆಯಲ್ಲೂ ಮದ್ದಿಲ್ಲ.

ಬದಲಿಸುವ ಮುನ್ನ ಹತ್ತು ಕಿಲೋಮೀಟರ್ ಓಡಿಸಿ ಎಣ್ಣೆ ಬೆಚ್ಚಗಾಗಲಿ, ಗಾಡಿ ಸಮತಟ್ಟಾಗಿ ನಿಲ್ಲಲಿ. ಕೆಳಗಿನ ಪ್ಲಗ್ಗಿಗೆ ಅಯಸ್ಕಾಂತವಿದ್ದರೆ ಅದರ ಮೇಲೆ ಬೂದು ಬಣ್ಣದ ಮೆತ್ತನೆಯ ಲೇಪ ಇದ್ದೇ ಇರುತ್ತದೆ, ಹೆದರಬೇಡಿ. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ, ಎಣ್ಣೆಯಲ್ಲಿ ಹೊನ್ನಿನ ಪುಡಿಯಂತೆ ಹಿತ್ತಾಳೆ ಮಿನುಗಿದರೆ ಪೆಟ್ಟಿಗೆ ಬಿಚ್ಚಿಸಿ ನೋಡಬೇಕು. ತುಂಬುವುದು ಮೇಲಿನ ರಂಧ್ರದಿಂದ ಎಣ್ಣೆ ಹೊರಕ್ಕೆ ತೊಟ್ಟಿಕ್ಕುವವರೆಗೆ. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಮ್ಯಾನ್ಯುಯಲ್ ಇದೆ. ಕೆಸರಿನಲ್ಲಿ ದುಡಿಯುವ ಗಾಡಿಯಾದರೆ ಮಳೆಗಾಲ ಮುಗಿದು ದೀಪಾವಳಿ ಬರುವುದರೊಳಗೆ ಒಮ್ಮೆ ಬೆರಳು ತೂರಿಸಿ ನೋಡುವುದು ನನ್ನ ರೂಢಿ.

ಕೊನೆಯದಾಗಿ ಒಂದು ಮಾತು. ಕೆಳಗಿನ ಪ್ಲಗ್ ಮುಟ್ಟುವ ಮೊದಲು ಮೇಲಿನದು ಬಿಚ್ಚುತ್ತದೆಯೇ ನೋಡಿಕೊಳ್ಳಿ. ಇರುವ ಎಣ್ಣೆಯನ್ನೆಲ್ಲ ಹರಿಯಬಿಟ್ಟ ಮೇಲೆ, ತುಂಬುವ ಪ್ಲಗ್ ತುಕ್ಕು ಹಿಡಿದು ತಿರುಗುವುದಿಲ್ಲವೆಂದು ಗೊತ್ತಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.