ಗೋಡೆಯ ಫೋಟೊಗೆ ಎಷ್ಟು ಪಿಕ್ಸೆಲ್ ಬೇಕು?

ಹೈದರಾಬಾದಿನ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ 2008ರಿಂದ 2023ರ ಮಾರ್ಚ್‌ವರೆಗೆ ಅಮೆರಿಕದ ಕಾನ್ಸುಲೇಟ್ ಇತ್ತು. ಮಗಳ ಬಾಣಂತನಕ್ಕೆ ಹೊರಟ ತಾಯಂದಿರು, ಎಂ.ಎಸ್. ಓದಲು ಹೊರಟ ಹುಡುಗರು ವೀಸಾಕ್ಕಾಗಿ ಎಡತಾಕುತ್ತಿದ್ದ ಜಾಗ ಅದು. ಅಮೆರಿಕದ ವೀಸಾ ಫೋಟೊಗೆ ಒಂದು ಅಳತೆಯಿದೆ: ಕಾಗದದ ಮೇಲಾದರೆ 2 ಇಂಚು ಉದ್ದ, 2 ಇಂಚು ಅಗಲ, ಆನ್‌ಲೈನ್ ಅರ್ಜಿಗಾದರೆ ಉದ್ದಕ್ಕೂ ಅಗಲಕ್ಕೂ ಕನಿಷ್ಠ 600 ಪಿಕ್ಸೆಲ್. ಭಾಗಿಸಿ ನೋಡಿದರೆ ಇಂಚಿಗೆ 300 ಬರುತ್ತದೆ. ಒಟ್ಟು ಲೆಕ್ಕ 3.6 ಲಕ್ಷ ಪಿಕ್ಸೆಲ್, ಅಂದರೆ ಅರ್ಧ ಮೆಗಾಪಿಕ್ಸೆಲ್ ಕೂಡ ಇಲ್ಲ. 50, 108, 200 ಮೆಗಾಪಿಕ್ಸೆಲ್ ಎಂದು ಮೊಬೈಲ್ ಅಂಗಡಿಗಳು ಸಾರುವ ಸಂಖ್ಯೆಗಳನ್ನು ಕೇಳಿ ಕಂಗಾಲಾಗುವವರು ಮೊದಲು ಈ ಲೆಕ್ಕ ನೋಡಬೇಕು.

300 ಎಂಬುದು ನಮ್ಮ ಕಣ್ಣಿನ ಮಿತಿಗೆ ಹೊಂದಿಕೊಂಡ ಸಂಖ್ಯೆ. ಒಂದು ಅಡಿ ದೂರದಲ್ಲಿ ಹಿಡಿದ ಚಿತ್ರದಲ್ಲಿ ಇಂಚಿಗೆ ಸುಮಾರು 290 ಚುಕ್ಕಿಗಳಿಗಿಂತ ಹೆಚ್ಚಿದ್ದರೆ ಸಾಮಾನ್ಯ ದೃಷ್ಟಿಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಆರು ಅಡಿ ದೂರ ನಿಂತರೆ ಇಂಚಿಗೆ 50 ಸಾಕು. ರಸ್ತೆ ಬದಿಯ ದೊಡ್ಡ ಫ್ಲೆಕ್ಸ್ ದೂರಕ್ಕೆ ಚೆನ್ನಾಗಿ ಕಂಡು, ಹತ್ತಿರ ಹೋದರೆ ಚುಕ್ಕಿಚುಕ್ಕಿಯಾಗುವುದು ಇದರಿಂದಲೇ.

ಹಾಗಾಗಿ ಕ್ಯಾಮೆರಾಕ್ಕಿಂತ ಮೊದಲು ನಿರ್ಧರಿಸಬೇಕಾದದ್ದು ಪ್ರಿಂಟಿನ ಅಳತೆ. ಬೇಗಂಪೇಟೆಯ ಪಕ್ಕದ ಸಿಕಂದರಾಬಾದಿನಲ್ಲಿ 1880ರ ದಶಕದಲ್ಲಿ ಸ್ಟುಡಿಯೊ ನಡೆಸುತ್ತಿದ್ದ, ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅವರ ಕಾಲದಲ್ಲಿ ಸಾಮಾನ್ಯವಾಗಿ ಬೇರೆ ದಾರಿ ಇರಲಿಲ್ಲ. ಗಾಜಿನ ನೆಗೆಟಿವ್‌ಗೆ ಕಾಗದ ಒತ್ತಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ನೆಗೆಟಿವ್ ಎಷ್ಟೋ ಚಿತ್ರವೂ ಅಷ್ಟೇ. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಕ್ಯಾಮೆರಾವನ್ನೇ ಹೊತ್ತೊಯ್ಯಬೇಕಿತ್ತು.

ಇಂದಿನ ಲೆಕ್ಕ ಸುಲಭ. ಇಂಚನ್ನು 300ರಿಂದ ಗುಣಿಸಿ. 4×6 ಇಂಚಿನ ಪ್ರಿಂಟ್‌ಗೆ 1200×1800 ಪಿಕ್ಸೆಲ್, ಸುಮಾರು 2 ಮೆಗಾಪಿಕ್ಸೆಲ್. 8×10ಕ್ಕೆ 7. ಕೈಯಲ್ಲಿ ಹಿಡಿದು ನೋಡುವ 12×18ಕ್ಕೆ 19 ಬೇಕು. ಅದೇ ಪ್ರಿಂಟ್ ಗೋಡೆಗೆ ಹೋಗುವುದಾದರೆ 5 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಲುತ್ತದೆ. ಫೈಲಿನಲ್ಲಿ 72 ಡಿಪಿಐ (ಇಂಚಿಗೆ 72 ಚುಕ್ಕಿ) ಎಂದು ಬರೆದಿದೆಯೆಂದು ಗಾಬರಿಯಾಗುವವರಿದ್ದಾರೆ. ಅದು ಬರೀ ಹಣೆಪಟ್ಟಿ, ಒಟ್ಟು ಪಿಕ್ಸೆಲ್ ಎಷ್ಟೆಂಬುದನ್ನಷ್ಟೇ ನೋಡಿ.

ಮದುವೆಯ ಕರಿಜ್ಮಾ ಆಲ್ಬಮ್ ಮಾತ್ರ ಬೇರೆ ಕಥೆ. ಬಿಡಿಸಿಟ್ಟ ಎರಡು ಪುಟಗಳೂ ಸೇರಿ 12×36 ಇಂಚು. ಮುಹೂರ್ತದ ಒಂದೇ ಚಿತ್ರವನ್ನು ಅಷ್ಟಗಲ ಹರಡಿದರೆ, 6000×4000 ಪಿಕ್ಸೆಲ್ಲಿನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇಂಚಿಗೆ 167 ಕೊಡುತ್ತದೆ. ಎರಡು ಅಡಿ ದೂರದಿಂದ ನೋಡಲು ಸಾಕು. 12 ಮೆಗಾಪಿಕ್ಸೆಲ್ ಮೊಬೈಲ್ ಚಿತ್ರ 111ಕ್ಕೆ ನಿಂತುಬಿಡುತ್ತದೆ.

ಕ್ಯಾಮೆರಾದಲ್ಲಿ ಲಾರ್ಜ್, ಮೀಡಿಯಂ, ಸ್ಮಾಲ್ ಎಂಬ ಆಯ್ಕೆಗಳಿರುತ್ತವೆ. ಯಾವಾಗಲೂ ಲಾರ್ಜ್‌ನಲ್ಲಿಡಿ, ಗುಣಮಟ್ಟ ಫೈನ್ ಇರಲಿ. ಜಾಗ ಉಳಿಸಲು ಸ್ಮಾಲ್‌ಗೆ ಇಳಿಸಿ ತೆಗೆದ ಚಿತ್ರದಲ್ಲಿ ಬಿಟ್ಟುಹೋದದ್ದು ಮತ್ತೆ ಬರುವುದಿಲ್ಲ. ಮೊಬೈಲಿನ 200 ಮೆಗಾಪಿಕ್ಸೆಲ್ ಸೆನ್ಸರ್ ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಕಡಿಮೆ ಬೆಳಕಿನಲ್ಲಿ ಅದೇ ಒಳ್ಳೆಯದು. ಪೂರ್ಣ ರೆಸಲ್ಯೂಶನ್ ಒಳ್ಳೆಯ ಬಿಸಿಲಿಗೆ ಮೀಸಲಿರಲಿ. ಮೊಬೈಲ್ ಚಿತ್ರದ ಆಕಾರ 4:3, 4×6 ಪ್ರಿಂಟಿನದು 3:2. ಅಡ್ಡವಾಗಿ ತೆಗೆದ ಚಿತ್ರಕ್ಕೆ ಲ್ಯಾಬಿನಲ್ಲಿ ಮೇಲೋ ಕೆಳಗೋ ಕತ್ತರಿ ಬಿದ್ದೇ ಬೀಳುತ್ತದೆ. ತೆಗೆಯುವಾಗಲೇ ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ.

ಪ್ರಿಂಟ್ ಹಾಳಾಗುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ. ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದ ಚಿತ್ರದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 4×6ಕ್ಕೆ ಹೇಗೋ ನಡೆಯುತ್ತದೆ, 12×18ಕ್ಕೆ ಇಂಚಿಗೆ 89 ಮಾತ್ರ. ಸ್ಟುಡಿಯೊದವರಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಡಿ.

ಇದೆಲ್ಲ ನೆನಪಾಗುವುದು ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ. ಹನ್ನೊಂದನೇ ದಿನದೊಳಗೆ ಫೋಟೊಗೆ ಫ್ರೇಮ್ ಹಾಕಿಸಬೇಕು. ಹುಡುಕಿದರೆ ಅಜ್ಜಿ ಒಬ್ಬರೇ ಇರುವ ಚಿತ್ರ ಒಂದೂ ಸಿಗುವುದಿಲ್ಲ. ಮೊಮ್ಮಗನ ಮದುವೆಯ ಗುಂಪು ಫೋಟೊದ ಮೂಲೆಯಲ್ಲಿ ಇದ್ದಾರೆ. 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸಾಲಿಗೆ ಹತ್ತು ಜನ ನಿಂತರೆ ಒಬ್ಬರ ಪಾಲಿಗೆ 400, ಮುಖಕ್ಕೆ ಉಳಿಯುವುದು 150ರಷ್ಟು. ಆ ಮುಖವನ್ನು ಆರು ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 25. ಗೋಡೆಯ ದೂರಕ್ಕೂ ಅದು ಅರ್ಧದಷ್ಟೇ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇದನ್ನು ನುಣುಪಾಗಿಸಿ ಕೊಡುತ್ತವೆ ನಿಜ. ಆದರೆ ಇಲ್ಲದ ವಿವರವನ್ನು ಅವು ಊಹಿಸಿ ತುಂಬುತ್ತವೆ. ಕೆನ್ನೆಯ ಸುಕ್ಕು, ಹಣೆಯ ಗೆರೆ ಅಜ್ಜಿಯದಾಗಿ ಉಳಿಯುವುದಿಲ್ಲ. ಇದನ್ನು ನಾನು ಒಪ್ಪಲಾರೆ.

ಮನೆಯ ಹಿರಿಯರನ್ನು ಮುಂದಿನ ಹಬ್ಬಕ್ಕೇ ಒಬ್ಬೊಬ್ಬರಾಗಿ ಕೂರಿಸಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ಫ್ಲ್ಯಾಶ್ ಬೇಡ, ಜೂಮ್ ಬೇಡ, ಸೊಂಟದಿಂದ ಮೇಲಕ್ಕೆ ಫ್ರೇಮ್ ತುಂಬುವಂತೆ ಇರಲಿ. ಹತ್ತು ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮೆರಾ ಇದ್ದರೂ ಸಾಕು. ಮೂಲ ಫೈಲನ್ನು ಎರಡು ಕಡೆ ಉಳಿಸಿ, ಒಂದು 8×10 ಪ್ರಿಂಟನ್ನು ಆ ವಾರವೇ ಹಾಕಿಸಿ ಅವರ ಕೈಗೇ ಕೊಡಿ.