ಬಾಯ್ಕಾಟ್: ಒಂದು ಶಬ್ದದ ಚರಿತ್ರೆ

‘ಬಾಯ್ಕಾಟ್’ ಎಂಬ ಶಬ್ದವು ಇಂಗ್ಲಿಷನ್ನು ಅರಿಯದವರ ಬಾಯಲ್ಲಿಯೂ ಸಲೀಸಾಗಿ ಕೇಳಿಬರುತ್ತದೆ. ಸಭೆಯನ್ನು ಬಾಯ್ಕಾಟ್ ಮಾಡಿದರು, ಪರೀಕ್ಷೆಯನ್ನು ಬಾಯ್ಕಾಟ್ ಮಾಡಿದರು ಎಂದು ವರ್ತಮಾನಪತ್ರಿಕೆಗಳಲ್ಲಿ ಓದುತ್ತೇವೆ. ಮನೆಯ ಮಕ್ಕಳು ಇದರ ಅರ್ಥವೇನೆಂದು ಕೇಳಿದರೆ ‘ಬಹಿಷ್ಕಾರ’ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಉತ್ತರವು ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಅದೇಕೆಂಬುದನ್ನು ತಿಳಿಯಬೇಕಾದರೆ ಈ ಶಬ್ದವು ಹುಟ್ಟಿದ ಬಗೆಯನ್ನು ನೋಡಬೇಕು.

ಮೊದಲು ಇದು ಒಬ್ಬ ಮನುಷ್ಯನ ಹೆಸರಾಗಿದ್ದಿತು. ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಎಂಬಾತನು 1832ರಲ್ಲಿ ಇಂಗ್ಲೆಂಡಿನ ನಾರ್‌ಫೋಕ್ ಜಿಲ್ಲೆಯಲ್ಲಿ ಹುಟ್ಟಿದವನು. ಕೆಲವು ಕಾಲ ಸೈನ್ಯದಲ್ಲಿದ್ದು, ಅನಂತರ ಐರ್ಲೆಂಡಿನಲ್ಲಿ ನೆಲಸಿ, ಅಲ್ಲಿಯ ಮೇಯೋ ಜಿಲ್ಲೆಯಲ್ಲಿ ಅರ್ನ್ ಪ್ರಭುವಿನ ಜಮೀನುಗಳಿಗೆ ಪಾರುಪತ್ಯಗಾರನಾದನು. ಗೇಣಿಯನ್ನು ವಸೂಲು ಮಾಡುವುದೂ ಕೊಡದವರನ್ನು ಒಕ್ಕಲೆಬ್ಬಿಸುವುದೂ ಅವನ ಕೆಲಸವಾಗಿದ್ದಿತು.

1879ರಲ್ಲಿ ಬೆಳೆ ಕೆಟ್ಟು ಐರ್ಲೆಂಡಿನ ರೈತರು ಬಹಳ ಕಷ್ಟಕ್ಕೆ ಗುರಿಯಾದರು. ಅದೇ ವರ್ಷ ಅವರ ಪರವಾಗಿ ‘ಲ್ಯಾಂಡ್ ಲೀಗ್’ ಎಂಬ ಸಂಘವು ಸ್ಥಾಪಿತವಾಯಿತು. ಮರುವರ್ಷ ಅರ್ನ್ ಪ್ರಭುವಿನ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25ರಷ್ಟು ಸೋಡಿಯನ್ನು ಕೇಳಿದರು. ಪ್ರಭುವು ನೂರಕ್ಕೆ 10ಕ್ಕೆ ಮೇಲೆ ಒಪ್ಪಲಿಲ್ಲ. ಬಾಯ್ಕಾಟನು ಒಕ್ಕಲೆಬ್ಬಿಸುವ ನೋಟೀಸುಗಳನ್ನು ಹೊರಡಿಸಿದನು.

ಇದಕ್ಕೆ ಕೆಲವೇ ದಿನಗಳ ಹಿಂದೆ, 1880ರ ಸೆಪ್ಟೆಂಬರ್ 19ರಂದು, ಸಂಘದ ಅಧ್ಯಕ್ಷರಾದ ಪಾರ್ನೆಲ್ಲರು ಎನಿಸ್ ಪಟ್ಟಣದಲ್ಲಿ ಭಾಷಣ ಮಾಡಿದ್ದರು. ಒಕ್ಕಲೆಬ್ಬಿಸಿದ ರೈತನ ಭೂಮಿಯನ್ನು ಹಿಡಿದುಕೊಳ್ಳುವವನನ್ನು ಏನು ಮಾಡಬೇಕೆಂದು ಅವರು ಕೇಳಲು, ಗುಂಡಿಕ್ಕಬೇಕೆಂದು ಜನರ ನಡುವಿನಿಂದ ಕೂಗು ಬಂದಿತು. ಪಾರ್ನೆಲ್ಲರು ಅದನ್ನೊಪ್ಪದೆ, ಅಂಥವನೊಡನೆ ಬೀದಿಯಲ್ಲಾಗಲಿ ಅಂಗಡಿಯಲ್ಲಾಗಲಿ ದೇವಾಲಯದಲ್ಲಾಗಲಿ ಮಾತನಾಡದೆ ಒಂಟಿಯಾಗಿ ಬಿಟ್ಟುಬಿಡಬೇಕೆಂದು ಬೋಧಿಸಿದರು. ಮೇಯೋ ಜಿಲ್ಲೆಯ ಜನರು ಈ ಉಪಾಯವನ್ನು ಬಾಯ್ಕಾಟನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಹೊಲವನ್ನು ಬಿಟ್ಟುಹೋದರು. ಅಂಗಡಿಯವರು ಸಾಮಾನು ಮಾರಲಿಲ್ಲ. ಕಮ್ಮಾರನೂ ಬಟ್ಟೆ ಒಗೆಯುವವಳೂ ಕೆಲಸ ನಿಲ್ಲಿಸಿದರು. ಅಂಚೆಯ ಹುಡುಗನು ಕೂಡ ಬಾರದೆ ಹೋದನು.

ಈ ನಡತೆಗೆ ಒಂದು ಹೆಸರು ಬೇಕಾಗಿದ್ದಿತು. ಅಮೆರಿಕದ ಪತ್ರಿಕಾಕರ್ತರಾದ ಜೇಮ್ಸ್ ರೆಡ್‌ಪಾತ್ ಎಂಬವರು ಬರೆದಿರುವಂತೆ, ಅವರು ಈ ವಿಷಯವನ್ನು ಅಲ್ಲಿಯ ಪಾದ್ರಿಗಳಾದ ಜಾನ್ ಓ’ಮ್ಯಾಲಿಯವರೊಡನೆ ಪ್ರಸ್ತಾಪಿಸಿದರು. ಇಂಗ್ಲಿಷಿನಲ್ಲಿ ‘ಆಸ್ಟ್ರಸೈಜ್’ ಎಂಬ ಶಬ್ದವಿದ್ದೇ ಇತ್ತು. ಪುರಾತನ ಅಥೆನ್ಸಿನ ಪೌರರು ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ, ಬೇಡವಾದವನನ್ನು 10 ವರ್ಷ ಊರ ಹೊರಗೆ ಕಳುಹಿಸುತ್ತಿದ್ದರು. ಆ ಚೂರಿನ ಗ್ರೀಕ್ ಹೆಸರಿನಿಂದ ಅದು ಬಂದುದು. ಇಂಥ ಪಂಡಿತರ ಮಾತು ರೈತರಿಗೆ ತಿಳಿಯಲಾರದೆಂದು ಯೋಚಿಸಿ, ‘ಬಾಯ್ಕಾಟ್ ಮಾಡುವುದು’ ಎನ್ನೋಣವೆಂದು ಪಾದ್ರಿಗಳು ಸೂಚಿಸಿದರಂತೆ.

ಬಾಯ್ಕಾಟನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದು ತನ್ನ ಸಂಕಟವನ್ನು ತೋಡಿಕೊಂಡನು. ಆ ನವೆಂಬರಿನಲ್ಲಿ ಕ್ಯಾವನ್ ಮತ್ತು ಮೊನಾಘನ್ ಜಿಲ್ಲೆಗಳಿಂದ 50 ಮಂದಿ ಅವನ ಬೆಳೆಯನ್ನು ಕೀಳಲು ಬಂದರು. ಅವರ ಕಾವಲಿಗೆ ಸುಮಾರು 1,000 ಮಂದಿ ಸಿಪಾಯಿಗಳೂ ಪೋಲೀಸರೂ ಬಂದರು. ಸುಮಾರು 500 ಪೌಂಡು ಬೆಲೆಯ ಬೆಳೆಯನ್ನು ಉಳಿಸುವುದಕ್ಕೆ 10,000 ಪೌಂಡು ವೆಚ್ಚವಾಯಿತೆಂದು ಅಂದಿನ ಅಂದಾಜು. ಕೆಲಸ ಮುಗಿದೊಡನೆ ಬಾಯ್ಕಾಟನು ಸಂಸಾರಸಹಿತನಾಗಿ ಊರನ್ನು ಬಿಟ್ಟು, ಡಿಸೆಂಬರಿನಲ್ಲಿ ಇಂಗ್ಲೆಂಡನ್ನು ಸೇರಿದನು. ಅವನು 1897ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಅವನ ಹೆಸರು ನಿಘಂಟಿನ ಶಬ್ದವಾಗಿದ್ದಿತು. ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳೂ ಅದನ್ನು ತೆಗೆದುಕೊಂಡಿವೆ.

ಇಂಗ್ಲಿಷಿನಲ್ಲಿ ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಮನುಷ್ಯನ ಹೆಸರಾಗಿದ್ದರೂ ಈಗ ಚಿಕ್ಕ ಅಕ್ಷರದಿಂದಲೇ ಆರಂಭವಾಗುತ್ತದೆ. ಇದನ್ನು ‘ಸ್ಟ್ರೈಕ್’ ಎಂಬುದರೊಡನೆ ಬೆರಸಬಾರದು. ಕೂಲಿಗಾರರು ಕೆಲಸ ನಿಲ್ಲಿಸಿದರೆ ಅದು ಸ್ಟ್ರೈಕ್. ಕೊಡುಕೊಳ್ಳುವಿಕೆಯನ್ನೂ ಸಹವಾಸವನ್ನೂ ಬಿಟ್ಟರೆ ಬಾಯ್ಕಾಟ್. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸೇರಿದ ಜನರು, ವಂಗವಿಭಜನೆಯನ್ನು ಪ್ರತಿಭಟಿಸಿ ಬ್ರಿಟಿಷ್ ಸರಕುಗಳನ್ನು ಬಾಯ್ಕಾಟ್ ಮಾಡುವುದಾಗಿ ನಿರ್ಣಯಿಸಿದರು. 1955ರಲ್ಲಿ ಅಮೆರಿಕದ ಮಾಂಟ್ಗಮರಿ ಪಟ್ಟಣದ ಕರಿಯ ಜನರು, ತಮ್ಮನ್ನು ಬೇರೆ ಕೂರಿಸುತ್ತಿದ್ದ ಬಸ್ಸುಗಳನ್ನು ಹತ್ತದೆ 381 ದಿನ ನಡೆದೂ ಬೇರೆ ವಾಹನಗಳಲ್ಲಿಯೂ ಓಡಾಡಿ ಜಯ ಪಡೆದರು.

ಇನ್ನು ನಮ್ಮ ‘ಬಹಿಷ್ಕಾರ’ವನ್ನು ನೋಡೋಣ. ‘ಬಹಿಸ್’ ಎಂದರೆ ಹೊರಗೆ. ಹೊರಗೆ ಹಾಕುವುದೇ ಬಹಿಷ್ಕಾರ. ಜಾತಿಯ ಹಿರಿಯರು ಒಂದು ಸಂಸಾರವನ್ನು ಹೊರಗಿಟ್ಟರೆ, ಆ ಮನೆಗೆ ಬೆಂಕಿ ನೀರುಗಳೂ ದೊರೆಯುತ್ತಿರಲಿಲ್ಲ. ಹುಟ್ಟಿನಿಂದಲೇ ಹೊರಗಿಡಲ್ಪಟ್ಟವರ ಪರವಾಗಿ ಅಂಬೇಡ್ಕರರು 1927ರಲ್ಲಿ ಹೊರಡಿಸಿದ ಮರಾಠಿ ಪತ್ರಿಕೆಗೆ ‘ಬಹಿಷ್ಕೃತ ಭಾರತ’ವೆಂದೇ ಹೆಸರಿಟ್ಟರು. ಬಾಯ್ಕಾಟಿನಲ್ಲಿ ಬಡ ಒಕ್ಕಲುಗಳು ಬಲವಂತನಿಂದ ಮುಖ ತಿರುಗಿಸಿದರು. ಬಹಿಷ್ಕಾರದಲ್ಲಿಯಾದರೋ ಬಲವುಳ್ಳ ಊರು ಬಲವಿಲ್ಲದವನನ್ನು ತಳ್ಳಿತು. ಮಕ್ಕಳಿಗೆ ಹೇಳಬೇಕಾದ ಭೇದವು ಇದೇ.

ಆದರೆ ಶಬ್ದವು ತನ್ನ ತೌರಿನ ನಡತೆಯನ್ನು ಎಂದೆಂದಿಗೂ ಉಳಿಸಿಕೊಳ್ಳುವುದಿಲ್ಲ. ಐರ್ಲೆಂಡಿನಲ್ಲಿಯೂ ಎಲ್ಲ ಆಳುಗಳೂ ಮನಸ್ಸಾರೆ ಕೆಲಸ ಬಿಡಲಿಲ್ಲ. ಬೆದರಿಕೆಗೆ ಅಂಜಿ ಬಿಟ್ಟವರೂ ಇದ್ದರು. ನಮ್ಮ ದೇಶದಲ್ಲಿ ‘ಸೋಷಿಯಲ್ ಬಾಯ್ಕಾಟ್’ ಎಂಬ ಮಾತು ಹಳೆಯ ಬಹಿಷ್ಕಾರಕ್ಕೇ ಹೆಸರಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾನೂನನ್ನು 2015ರಲ್ಲಿ ತಿದ್ದಿದಾಗ, ಆ ಜನರ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರವನ್ನು ಹೇರುವುದೂ ಹೇರುವೆವೆಂದು ಬೆದರಿಸುವುದೂ ಅಪರಾಧಗಳೆಂದು ಸೇರಿಸಲಾಯಿತು. ಆದುದರಿಂದ ಈ ಶಬ್ದವು ಮುಂದೆ ಮನೆಯಲ್ಲಿ ಕೇಳಿಬಂದಾಗ, ಯಾರು ಯಾರನ್ನು ದೂರವಿಡುತ್ತಿದ್ದಾರೆ, ಏತಕ್ಕಾಗಿ, ಎಂಬುದನ್ನೂ ವಿಚಾರಿಸಿ ಮಕ್ಕಳಿಗೆ ಅರ್ಥವನ್ನು ಹೇಳುವುದು ಮೇಲೆಂದು ನಮಗೆ ತೋರುತ್ತದೆ.